ಏಳನೇ ನಂಬರಿನ ವಾಲ್ವು

“ಇನ್ನೊಂಚೂರು ಎಡಕ್ಕೆ... ಸಾಕು. ಹಾಗೇ ಒತ್ತಿ ಹಿಡ್ಕೊಳ್ಳಿ ಅತ್ತೆ, ಕೈ ತೆಗೀಬೇಡಿ.”

ಕಿಟಕಿಯ ಗಾಜಿಗೆ ಆನಿಸಿದ ಎರಡು ಹಾಳೆಗಳನ್ನು ತೂರಿಕೊಂಡು ಬೆಳಗಿನ ಬಿಸಿಲು ಸಿಸ್ಟರ್ ಮುಖದ ಮೇಲೆ ಬೀಳುತ್ತಿತ್ತು. ಕೆಳಗಿನದು ಅವಳ ಆಸ್ಪತ್ರೆಗೆ ಸೇರಿದ ಬಡಾವಣೆಯ ನಕ್ಷೆ. ಎರಡು ವರ್ಷದ ಹಿಂದೆ ವಾಂತಿಭೇದಿ ಹಬ್ಬಿದಾಗ ಒಬ್ಬೊಬ್ಬ ರೋಗಿಯ ಮನೆಗೂ ಒಂದೊಂದು ಕೆಂಪು ಚುಕ್ಕೆ ಇಟ್ಟಿದ್ದಳು, ಒಟ್ಟು ಮೂವತ್ತೊಂದು. ಮೇಲಿನದು ತೆಳ್ಳನೆಯ ನಕಲು ಕಾಗದ. ನೀರಿನ ಕಚೇರಿಯ ನಕ್ಷೆಯಿಂದ ಪೈಪುಗಳನ್ನೂ ವಾಲ್ವುಗಳ ನಂಬರನ್ನೂ ಆಗ ಅವಳೇ ಪೆನ್ಸಿಲಿನಲ್ಲಿ ಎತ್ತಿಕೊಂಡದ್ದು. ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿಬಿಟ್ಟರೆ ಹೋಂವರ್ಕು ಮುಗಿದ ಹಾಗೆ.

ಸೋಮವಾರದಿಂದ ವಿಶ್ವವಿದ್ಯಾಲಯದಲ್ಲಿ ಐದು ದಿನದ ಕೋರ್ಸು: ‘ಸಾರ್ವಜನಿಕ ಆರೋಗ್ಯದಲ್ಲಿ ಸಹಯೋಗ’. ಬರುವವರೆಲ್ಲ ತಮ್ಮ ಕಚೇರಿ ಇನ್ನೊಂದು ಕಚೇರಿಯ ಜೊತೆ ಕೂಡಿ ಮಾಡಿದ ಒಂದು ಕೆಲಸವನ್ನು ಒಂದು ಪುಟದಲ್ಲಿ ಬರೆದು, ಆ ಇನ್ನೊಂದು ಕಚೇರಿಯವರ ಸಹಿ ಹಾಕಿಸಿ, ಶುಕ್ರವಾರ ಸಂಜೆಯೊಳಗೆ ಕಳಿಸಬೇಕು. ಸಹಿ ಇಲ್ಲದಿದ್ದರೆ ಸೀಟಿಲ್ಲ. ಇವತ್ತೇ ಶುಕ್ರವಾರ. ನಲವತ್ತಾರನೇ ವಯಸ್ಸಿಗೆ ಮೊದಲ ಸಲ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿದ್ದವಳು ಎರಡು ವಾರದಿಂದ ಹೊಸ ನೋಟ್‌ಬುಕ್ಕನ್ನು ಬೀರುವಿನಿಂದ ತೆಗೆದು ನೋಡಿ ಮತ್ತೆ ಅಲ್ಲೇ ಇಡುತ್ತಿದ್ದಳು. ಬರೆಯುವುದಕ್ಕೆ ವಿಷಯ ಹುಡುಕುವ ಕಷ್ಟವೂ ಇರಲಿಲ್ಲ. ಚುಕ್ಕೆಗಳೆಲ್ಲ ಏಳನೇ ವಾಲ್ವಿನ ಪೈಪಿನ ಮೇಲೆ ಬಿದ್ದಿದ್ದವು. ಅವಳು ಪತ್ರ ಬರೆದಳು. ನೀರಿನವರು ಏಳನ್ನು ಮುಚ್ಚಿದರು. ನಾಲ್ಕೇ ದಿನದಲ್ಲಿ ಕಾಯಿಲೆ ನಿಂತಿತು. ಊರಲ್ಲಿ ಅವಳ ಹೆಸರಾಯಿತು.

“ಅಲ್ಲ ಕಣೇ,” ಎಂದರು ಅತ್ತೆ, ಹಾಳೆ ಬಿಡದೆ. “ನೀರಿನ ಟ್ಯಾಂಕು ಇರೋದು ಗುಡ್ಡದ ಮೇಲಲ್ವಾ?”

“ಹೌದು.”

“ನಿನ್ನ ಚುಕ್ಕೆ ನಕ್ಷೇಲಿ ಗುಡ್ಡ ಕೆಳಗಿದೆ. ಈ ಕಾಗದದಲ್ಲಿ ನೋಡಿದ್ರೆ ಟ್ಯಾಂಕು ಮೇಲಿದೆ. ಗುಡ್ಡ ಏನು, ಎದ್ದು ನಡ್ಕೊಂಡು ಹೋಯ್ತಾ?”

ಸಿಸ್ಟರ್ ನಕ್ಕಳು. ನಗು ಅರ್ಧಕ್ಕೇ ನಿಂತಿತು. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಅತ್ತೆ ಅವಳನ್ನು ಕೇಳುವ ಗೋಜಿಗೂ ಹೋಗದೆ ಮೇಲಿನ ಕಾಗದವನ್ನು ಎಳೆದು, ತಲೆಕೆಳಗು ಮಾಡಿ, ಅಂಗೈಯಿಂದ ನೀವಿ ಕೂರಿಸಿದರು. ನಡುವಿನ ದೊಡ್ಡ ರಸ್ತೆ ರಸ್ತೆಯ ಮೇಲೆ ಸರಿಯಾಗಿ ಕೂತಿತು. ಎರಡೂ ಬದಿಯ ಗಲ್ಲಿಗಳು ಮೊದಲೂ ಕೂತಿದ್ದವು, ಈಗಲೂ ಕೂತವು. ಆದರೆ ಕೆಂಪು ಚುಕ್ಕೆಗಳೆಲ್ಲ ದಾರಕ್ಕೆ ಪೋಣಿಸಿದ ಹಾಗೆ ಹನ್ನೆರಡನೇ ನಂಬರಿನ ಪೈಪಿನ ಮೇಲೆ ಸಾಲಾಗಿ ನಿಂತಿದ್ದವು.

“ಹೂವಿನ ಬಟ್ಟೆ ಉಲ್ಟಾ ಕತ್ತರಿಸಿದ ಹಾಗೆ ಮಾಡಿದ್ದೀಯ. ನಾನೂ ಒಂದ್ಸಲ ಮಾಡಿದ್ದೆ. ಆ ಗಿರಾಕಿ ಇವತ್ತಿಗೂ ನನ್ನ ಕಂಡ್ರೆ ರಸ್ತೆ ದಾಟ್ತಾಳೆ.”

ಆರೋಗ್ಯದವರ ನಕ್ಷೆಯಲ್ಲಿ ಯಾವಾಗಲೂ ಉತ್ತರ ಮೇಲೆ. ನೀರಿನವರಿಗೆ ಉತ್ತರ ದಕ್ಷಿಣ ಕಟ್ಟಿಕೊಂಡು ಏನಾಗಬೇಕು? ನೀರು ಎಲ್ಲಿಂದ ಇಳಿಯುತ್ತದೋ ಅದೇ ಅವರಿಗೆ ಮೇಲು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಸಿಸ್ಟರ್ ಕುರ್ಚಿ ಎಳೆದುಕೊಂಡು ಕುಳಿತಳು. ಹಳೆಯ ಪಟ್ಟಿ ತೆಗೆದು ಬೆರಳಿಟ್ಟು ನೋಡಿದಳು. ಪತ್ರ ಹೋದ ಮೇಲೆ ಬಂದ ರೋಗಿಗಳು ಇಬ್ಬರೇ, ಆಮೇಲೆ ಒಬ್ಬರೂ ಇಲ್ಲ. ತಪ್ಪು ಪೈಪು ಮುಚ್ಚಿಸಿ ಕಾಯಿಲೆ ನಿಲ್ಲಿಸಿದ್ದು ಹೇಗೆ? ಅದು ಹೇಗಾದರೂ ಆಗಿರಲಿ, ಒಬ್ಬ ಮನುಷ್ಯನಂತೂ ಸುಮ್ಮನೆ ಪೆಟ್ಟು ತಿಂದಿದ್ದ. ಆ ಬಡಾವಣೆಗೆ ಹತ್ತೊಂಬತ್ತು ವರ್ಷ ನೀರು ಬಿಟ್ಟವನು. ನಾಲ್ಕು ಎಂದರೆ ನಾಲ್ಕಕ್ಕೇ ಬಿಡುತ್ತಿದ್ದನೆಂದು ಊರೆಲ್ಲ ಅವನನ್ನು ‘ಗಡಿಯಾರ’ ಎಂದೇ ಕರೆಯುತ್ತಿತ್ತು. ಏಳನ್ನು ಮುಚ್ಚಿದ ಆರು ದಿನವೂ ಬಿಂದಿಗೆ ಹಿಡಿದ ಜನ ಅವನ ಜನ್ಮ ಜಾಲಾಡಿದ್ದರು. ಮೂರನೇ ತಿಂಗಳಿಗೆ ಊರಾಚೆಯ ಪಂಪ್‌ಹೌಸಿಗೆ ಹಾಕಿದ್ದರು. ಮೂಗಿನ ಕೆಳಗೇ ಪೈಪು ಒಡೆದದ್ದು ಕಾಣದವನಿಗೆ ಅಷ್ಟಾದರೂ ಆಗಬೇಕಲ್ಲ ಎಂದುಕೊಂಡಿದ್ದಳು ಆಗ.

“ಈಗೇನಾಯ್ತು? ತಿರುಗಿಸಿ ಅಂಟಿಸು, ಏಳು ಇದ್ದಲ್ಲಿ ಹನ್ನೆರಡು ಬರಿ. ಕಚೇರೀಲಿ ಯಾರಾದ್ರೂ ನೋಡದೇನೇ ಸಹಿ ಹಾಕ್ತಾರೆ. ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಯ್ತಲ್ಲ ಅತ್ತೆ.”

ಅತ್ತೆ ಅವಳ ಮುಖವನ್ನೇ ನೋಡಿದರು. “ಹಾಗಿದ್ರೆ ಆ ಗಡಿಯಾರನನ್ನೇ ಹೋಗಿ ಕೇಳು. ಕೇಳಿದ್ರೆ ಮೂಗೇನೂ ಉದುರಿ ಬೀಳಲ್ಲ.”

ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರು, ಸಿಸ್ಟರಿಗಿಂತ ಹದಿನೈದು ವರ್ಷ ಚಿಕ್ಕವರು, “ಸಹಿ ಆಯ್ತಾ ಸಿಸ್ಟರ್? ನಿಮ್ಮ ಸೀಟಿಗೆ ನಾನು ಎಷ್ಟು ಜನರ ಕಾಲು ಹಿಡಿದಿದ್ದೀನಿ ಗೊತ್ತಾ?” ಎಂದು ನಕ್ಕರು. ಅವಳು “ಆಗುತ್ತೆ” ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಇಳಿಯುವ ಹೊತ್ತಿಗೆ ಮರೆತೇ ಹೋಗಿತ್ತು.

ಪಂಪ್‌ಹೌಸಿನೊಳಗೆ ಗ್ರೀಸಿನ ವಾಸನೆ. ಗೋಡೆಗೊಂದು ಗಡಿಯಾರ, ನೆಲದಿಂದ ಸೊಂಟದೆತ್ತರಕ್ಕೆ ಎದ್ದು ನಿಂತ ಕಬ್ಬಿಣದ ಚಕ್ರ, ಅದರ ಪಕ್ಕ ದಿಂಬು ಹಾಕಿದ ಕುರ್ಚಿ. ಕುರ್ಚಿಯಲ್ಲಿದ್ದವನು ಕನ್ನಡಕ ಹಣೆಗೇರಿಸಿ ನೋಡಿದ.

“ಓಹೋ, ಸಿಸ್ಟರಮ್ಮ! ರಸ್ತೇಲಿ ಎದುರು ಬಂದ್ರೆ ಅಂಗಡಿ ಬೋರ್ಡು ಓದೋರು, ಇಲ್ಲಿಗೆ ಬಂದ್ಬಿಟ್ರಿ. ಇಂಜೆಕ್ಷನ್ ಗಿಂಜೆಕ್ಷನ್ ತಂದಿಲ್ಲ ತಾನೇ?”

ಅವಳು ಕೂರಲೂ ಇಲ್ಲ. “ಅಣ್ಣ, ತಪ್ಪು ನಂದು. ಆವತ್ತು ಒಡೆದಿದ್ದು ಏಳಲ್ಲ, ಹನ್ನೆರಡು. ನಕ್ಷೆ ತಲೆಕೆಳಗು ಇಟ್ಕೊಂಡು ನೋಡಿದ್ದೆ.”

“ಗೊತ್ತು.”

“ಗೊತ್ತಾ?”

“ನಿಮ್ಮ ಪತ್ರದ ಹಿಂದೆ ಕಾಯಿಲೆ ಮನೆಗಳ ಪಟ್ಟಿ ಇತ್ತಲ್ಲ. ಬೇಕರಿಯವನು, ಮೇಷ್ಟ್ರು, ಆ ನೀಲಿ ಗೇಟಿನ ಮನೆ. ಅವರೆಲ್ಲ ಕುಡಿಯೋದು ಹನ್ನೆರಡರ ನೀರು. ಬಿಡ್ತಿದ್ದೋನು ನಾನೇ ಅಲ್ವಾ? ಸಿಸ್ಟರಮ್ಮಂಗೆ ಮನೆ ಸರಿ ಇದೆ, ನಂಬರು ಎಡವಟ್ಟಾಗಿದೆ ಅಂದ್ಕೊಂಡೆ.”

“ಮತ್ತೆ ಏಳು ಮುಚ್ಚಿದ್ರಿ?”

“ಆರ್ಡರು ಬಂತು, ಏಳು ಮುಚ್ಚಿದೆ. ತಲೆ ಇತ್ತು, ಹನ್ನೆರಡೂ ಮುಚ್ಚಿದೆ. ಚರಂಡಿ ಪಕ್ಕದ ತಿರುವಲ್ಲಿ ಜಾಯಿಂಟು ಬಿಟ್ಟಿತ್ತು. ಮಧ್ಯಾಹ್ನದೊಳಗೆ ಕಟ್ಟಿ ಮಣ್ಣು ಎಳೆದೆ.”

“ಸಾಹೇಬರಿಗೆ ಹೇಳಲಿಲ್ವಾ?”

“ಹೇಳಿದ್ರೆ ರಸ್ತೆ ಅಗೆಯೋಕೆ ಮೂರು ಸಹಿ. ಮೂರು ಸಹಿ ಆಗೋಷ್ಟರಲ್ಲಿ ನಿಮಗೆ ಇನ್ನೂ ಮೂವತ್ತು ಚುಕ್ಕೆ ಸಿಕ್ಕಿರೋವು.”

“ನನಗಾದ್ರೂ ಹೇಳಬಹುದಿತ್ತಲ್ಲ ಅಣ್ಣ.”

“ನೀವು ಪತ್ರ ಬರೆದ್ರಿ. ಕೇಳಲಿಲ್ಲ.” ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಮಾಮೂಲಿ ವಿಷಯ ಹೇಳುವ ಹಾಗೆ ಹೇಳಿದ.

ಸಿಸ್ಟರ್ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತಳು. ಮುಖ್ಯವಾದದ್ದನ್ನು ಕೇಳುವುದು ಇನ್ನೂ ಬಾಕಿಯಿತ್ತು. “ಅದಕ್ಕೇ ಅಲ್ವಾ ನಿಮ್ಮನ್ನ ಇಲ್ಲಿಗೆ ಹಾಕಿದ್ದು?”

“ಯಾರು ಹಾಕಿದ್ದು?” ಗಡಿಯಾರ ಮಂಡಿ ತಟ್ಟಿ ತೋರಿಸಿದ. “ಎರಡೂ ಸವೆದು ಹೋಗಿವೆ. ಗುಡ್ಡ ಹತ್ತಿ ಇಳಿಯೋಕೆ ಆಗಲ್ಲ ಅಂತ ವರ್ಷಗಟ್ಟಲೆ ಗೋಗರೆದು ತಗೊಂಡ ಜಾಗ ಇದು. ಏಳು ಮುಚ್ಚಿದ್ದಕ್ಕೆ ಕಷ್ಟ ಆಗಿದ್ದು ಮನೇಲಿ. ನಮ್ಮನೆಗೂ ಏಳರ ನೀರೇ. ಆರು ದಿನ ನಮ್ಮವಳು ಮಾತು ಬಿಟ್ಟಿದ್ಲು. ನೀವು ಇನ್ನೊಂದು ತಿಂಗಳು ಮುಚ್ಚಿಸಿದ್ರೂ ನಾನಂತೂ ಬೇಡ ಅಂತಿರಲಿಲ್ಲ.”

ಅವಳು ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗಲೇ ಗೊತ್ತಾದದ್ದು, ತನಗೆ ಹೊಟ್ಟೆ ಚುರುಗುಟ್ಟುತ್ತಿದೆ, ಬೆಳಗಿನಿಂದ ಏನೂ ತಿಂದಿಲ್ಲ.

ಗಡಿಯಾರ ಅವಳ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿಟ್ಟು ಓದಿದ. ನಕ್ಷೆ ನೋಡಲು ಹಾಳೆಯನ್ನು ತಿರುಗಿಸಿಕೊಂಡ. ‘ಏಳು’ ಎಂದಿದ್ದ ಕಡೆ ಗೀಟು ಎಳೆದು ಹನ್ನೆರಡು ಎಂದು ಬರೆದ. ಅವಳು ಪೆನ್ನು ಇಸಿದುಕೊಂಡು, ಗೀಟಿನಡಿಯ ಏಳು ಕಾಣುವ ಹಾಗೇ ಬಿಟ್ಟು, ‘ನನ್ನ ತಪ್ಪಿನಿಂದ’ ಎಂದು ಪಕ್ಕಕ್ಕೆ ಸೇರಿಸಿದಳು. ಅವನು ಅದನ್ನೂ ಓದಿ, ಕೆಳಗೆ ಉದ್ದಕ್ಕೆ ಸಹಿ ಹಾಕಿದ.

ನಾಲ್ಕಕ್ಕೆ ಎರಡು ನಿಮಿಷವಿತ್ತು. ಅವನು ಚಕ್ರ ಹಿಡಿದು ಎದ್ದು ನಿಂತ.

“ಸೋಮವಾರ ನೀವೂ ಬನ್ನಿ ಅಣ್ಣ,” ಎಂದಳು ಸಿಸ್ಟರ್. “ಜೊತೆಗೊಬ್ಬರನ್ನ ಕರ್ಕೊಂಡು ಬರಬಹುದು ಅಂತ ಬರೆದಿದ್ದಾರೆ. ಒಂದೇ ದಿನ. ನಾನು ಹೇಳೋದಕ್ಕಿಂತ ನೀವೇ ಎದ್ದು ನಿಂತು ಇದನ್ನ ಹೇಳಬೇಕು. ದೊಡ್ಡ ದೊಡ್ಡೋರೆಲ್ಲ ಕೂತು ಕೇಳ್ತಾರೆ. ಊಟ ಅವರದೇ, ಸರ್ಟಿಫಿಕೇಟೂ ಕೊಡ್ತಾರೆ.”

ಅವನ ಕಣ್ಣು ಗೋಡೆಯ ಮೇಲಿತ್ತು. ಮುಳ್ಳು ನಾಲ್ಕಕ್ಕೆ ಬಂದದ್ದೇ ಎರಡೂ ಕೈಯಿಂದ ಚಕ್ರ ತಿರುಗಿಸಿದ. ನೆಲದಡಿಯ ಪೈಪು ಒಮ್ಮೆ ಕೆಮ್ಮಿತು, ಆಮೇಲೆ ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ಅವಳು ಕುಳಿತ ಬಕೆಟ್ಟೂ ಸಣ್ಣಗೆ ನಡುಗುತ್ತಿತ್ತು.

“ಬರ್ತೀರಲ್ಲ?”

“ಇಲ್ಲ,” ಎಂದ ಗಡಿಯಾರ. “ಬರಲ್ಲ. ಸೋಮವಾರಾನೂ ನಾಲ್ಕಕ್ಕೆ ನೀರು ಬಿಡಬೇಕಲ್ಲ.”