ಬೆನ್ನಿಗೆ ಹೇಳಿದ ಇಂಗ್ಲಿಷು

ದೋಣಿಗಾರರ ಸಂಘ ಹೊಸ ನಿಯಮ ಮಾಡಿದ ದಿನ ಎಲ್ ಕಾರ್ದೋನ್ ಊರಿನ ಒಂಬತ್ತು ಮಂದಿ ಗಂಡಸರಿಗೆ ಒಟ್ಟಿಗೇ ಊಟ ಸೇರದಾಯಿತು. ತಿಮಿಂಗಿಲ ನೋಡಲು ಬರುವ ಅಮೆರಿಕದವರನ್ನು ಕೊಲ್ಲಿಯೊಳಗೆ ಕರೆದೊಯ್ಯುವವರೆಲ್ಲ ಇನ್ನು ಮುಂದೆ ಇಂಗ್ಲಿಷಿನಲ್ಲಿ ಮಾತಾಡಿ ಪರೀಕ್ಷೆ ಪಾಸಾಗಬೇಕಂತೆ. ನವೆಂಬರಿನಲ್ಲಿ ಲಾ ಪಾಸ್ ಪಟ್ಟಣದಿಂದ ಪರೀಕ್ಷಕರು ಬರುತ್ತಾರೆ. ಪಾಸಾದವರಿಗೆ ಚುಕ್ಕಾಣಿ. ಆಗದವರಿಗೆ ದಡದ ಮೇಲೆ ಡೇರೆ ಗುಡಿಸುವ, ತಟ್ಟೆ ತೊಳೆಯುವ ಕೆಲಸ. ಬಿರುಗಾಳಿಗೆ ಹೆದರದ ಗಂಡಸರು ಒಂದು ಭಾಷೆಗೆ ಹೆದರಿ ಮಂಕಾಗಿ ಕೂತರು.

ಕಲಿಸುವ ಕೆಲಸ ಮಕ್ಲೋವಿಯಾಳ ತಲೆಗೆ ಬಿತ್ತು. ಅವಳು ಆರು ವರ್ಷ ಅಮೆರಿಕದ ಗಡಿಗೆ ತಾಗಿದ ತಿಹುವಾನಾ ಪಟ್ಟಣದ ಒಂದು ಫೋನ್ ಆಫೀಸಿನಲ್ಲಿ ಕೂತು, ಫ್ರಿಜ್ಜು ಕೆಟ್ಟ ಅಮೆರಿಕದವರ ಬೈಗುಳ ಕೇಳಿಸಿಕೊಂಡು ಬಂದವಳು. ಬೈಸಿಕೊಂಡು ಕಲಿತ ಭಾಷೆ ಬಲು ಗಟ್ಟಿ. ತಾಯಿಗೆ ಪಾರ್ಶ್ವವಾಯು ಬಡಿದಾಗ ಊರಿಗೆ ಮರಳಿದ್ದಳು. ಈಗ ದಿನಾ ಸಂಜೆ ಐದಕ್ಕೆ ಸಂಘದ ಊಟದ ಕೋಣೆಯಲ್ಲಿ, ಬಲೆ ಎಳೆದು ಮೀನು ನಾರುತ್ತ ಬಂದ ಒಂಬತ್ತು ಜನರೆದುರು ನಿಲ್ಲುತ್ತಿದ್ದಳು.

ಅವರಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದವರು, ಊರು ಗೌರವದಿಂದ ದೊನ್ ಎನ್ನುವ ಕ್ರಿಸಾಂತೋ. ಅರವತ್ತೆರಡು ವರ್ಷ, ಅದರಲ್ಲಿ ಮೂವತ್ತಾರು ಪಂಗಾ ದೋಣಿಯ ಹಿಂತುದಿಯಲ್ಲಿ, ಎಂಜಿನ್ನಿನ ಹಿಡಿಕೆ ಹಿಡಿದು ಕಳೆದವು. ತಲೆಗೆ ನೀರು ಹಚ್ಚಿ ಬಾಚಿಕೊಂಡು, ನೋಟುಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಅವಳು ಬರೆದದ್ದನ್ನು ಬರೆದುಕೊಳ್ಳುತ್ತಿದ್ದರು, ತಿದ್ದಿದ್ದನ್ನು ತಿದ್ದಿಕೊಳ್ಳುತ್ತಿದ್ದರು. ಎದುರಿಗೆ ನಿಂತು ಒಂದು ಪ್ರಶ್ನೆ ಕೇಳಿದರೆ ಮಾತ್ರ ಬಾಯಿಗೆ ಬೀಗ.

"ದೊನ್ ಕ್ರಿಸಾಂತೋ, ನಿಮ್ಮ ಹೆಸರು ಹೇಳಿ ಸಾಕು," ಎಂದು ಮಕ್ಲೋವಿಯಾ ಅಂಗಲಾಚುವಳು.

"ನನ್ ಹೆಸ್ರು ನಿಂಗೊತ್ತಲ್ಲ ಮಗಾ. ನೀನು ತೊಟ್ಲಲ್ಲಿದ್ದಾಗ್ಲಿಂದ ನೋಡಿದೀಯ."

"ಇಂಗ್ಲಿಷಲ್ಲಿ!"

ಮುದುಕ ಅವಳ ಬಾಯನ್ನೇ ದಿಟ್ಟಿಸುವರು. ಹಣೆಯಲ್ಲಿ ಬೆವರು ಮೂಡುವುದು. ಹಿಂದಿನ ಸಾಲಿನಿಂದ ಯೋವಾನಿ ಎಂಬ ಇಪ್ಪತ್ನಾಲ್ಕರ ತರುಣ, ಫೋನು ನೋಡಿಯೇ ಅರ್ಧ ಭಾಷೆ ಕಲಿತವನು, ಕೂಗುವನು: "ಬಿಡಿ ಟೀಚರ್, ಅವರಿಗೆ ತಟ್ಟೆ ತೊಳೆಯೋ ಸೋಪು ಈಗ್ಲೇ ತಂದಿಡೋಣ!"

"ಸೋಪ್ ತಂದಿಡು, ಮೊದ್ಲು ನಿನ್ ಬಾಯಿ ತೊಳೀತೀನಿ," ಎಂದು ಮುದುಕ ತಮ್ಮ ಭಾಷೆಯಲ್ಲಿ ತಟ್ಟನೆ ತಿರುಗೇಟು ಕೊಡುವರು. ಅದಕ್ಕೆ ಬೀಗವಿರಲಿಲ್ಲ.

ಒಂದು ಸಂಜೆ ಎಲ್ಲರೂ ಒಂದೊಂದು ತಿಮಿಂಗಿಲವನ್ನು ವರ್ಣಿಸಬೇಕಿತ್ತು. ಯೋವಾನಿ ರಯಾದಾಳನ್ನು ಆರಿಸಿಕೊಂಡ. ಬೆನ್ನ ಮೇಲೆ ಮೂರು ಗೆರೆ ಗಾಯವಿರುವ ಈ ತಾಯಿ ತಿಮಿಂಗಿಲ ಊರಿಗೆಲ್ಲ ಗೊತ್ತು. ಪ್ರತಿ ಜನವರಿಗೂ ಬರುತ್ತಾಳೆ. ಎಲ್ಲೋ ಉತ್ತರದಲ್ಲಿ ದೊಡ್ಡ ಹಡಗೊಂದು ಬಡಿದು ಆ ಗಾಯವಾಯಿತೆಂದು ಊರು ಹೇಳುತ್ತದೆ, ಯೋವಾನಿಯೂ ಅದನ್ನೇ ಇಂಗ್ಲಿಷಿನಲ್ಲಿ ಸೊಗಸಾಗಿ ಹೇಳಿದ. ಆದರೆ 'ಅವಳು' ಎಂದ. ಪ್ರಾಣಿಗೂ ಕಲ್ಲಿಗೂ ಆ ಭಾಷೆಯಲ್ಲಿ ಒಂದೇ ಮಾತೆಂದು ಮಕ್ಲೋವಿಯಾ ತಿದ್ದಿದಳು.

"ಅದೆಂಥಾ ಭಾಷೆ?" ದೊನ್ ಕ್ರಿಸಾಂತೋಗೆ ನಿಜಕ್ಕೂ ಸಿಟ್ಟು ಬಂತು. "ಹೆತ್ತವಳನ್ನ ಕಲ್ಲಿನ ಜೊತೆ ಸೇರಿಸ್ತಾರಾ? ನಾನು ಹಾಗನ್ನಲ್ಲ. ಬೇಕಾದ್ರೆ ಮಾರ್ಕು ಕಡಿ." ಎಂದವರು ನೋಟುಬುಕ್ಕಿಗೆ ತಲೆ ತಗ್ಗಿಸಿದರು. ಅವತ್ತು ಮತ್ತೆ ತಲೆ ಎತ್ತಲಿಲ್ಲ.

ಅಕ್ಟೋಬರ್ ಬರುವಷ್ಟರಲ್ಲಿ ಮಕ್ಲೋವಿಯಾ ಕೈಚೆಲ್ಲಿದ್ದಳು. ಈ ವಯಸ್ಸಿನಲ್ಲಿ ದೊನ್ ಕ್ರಿಸಾಂತೋಗೆ ಇದು ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು. ಅದನ್ನು ಮೆಲ್ಲಗೆ ತಿಳಿಸಲು ಅವರ ಮನೆಗೆ ಹೋದವಳು ಬಾಗಿಲಲ್ಲೇ ನಿಂತಳು. ಬಾಗಿಲಿಗೊಂದು ಚೀಟಿ, ಒಲೆಗೊಂದು ಚೀಟಿ, ಉಪ್ಪಿನ ಡಬ್ಬಿಗೆ, ಕನ್ನಡಿಗೆ, ಕನ್ಯಾಮರಿಯಮ್ಮನ ಪಟದ ಚೌಕಟ್ಟಿಗೆ, ನಾಯಿಯ ಕೊರಳಪಟ್ಟಿಗೆ. ಎಲ್ಲದರ ಮೇಲೂ ಇಂಗ್ಲಿಷ್ ಹೆಸರು.

"ನೋಡು ನನ್ನ ಪಾಡು," ಎಂದರು ಅವರ ಹೆಂಡತಿ ದೊನ್ಯಾ ಬೆನಿಲ್ದೆ, ತೊರ್ತಿಯಾ ರೊಟ್ಟಿ ತಟ್ಟುತ್ತ. "ಉಪ್ಪು ಕೊಡಿ ಅಂದ್ರೆ, ಮೊದ್ಲು ಅದರ ಹೆಸ್ರು ಹೇಳು ಅಂತಾರೆ. ಅವರೆಕಾಳು ಆರಿ ತಣ್ಣಗಾಗತ್ತೆ. ನಲವತ್ತು ವರ್ಷದಿಂದ ಸಂಸಾರ ಮಾಡ್ತಿದೀನಿ, ನನ್ ಹಣೆಗೊಂದು ಅಂಟಿಸೋದು ಬಾಕಿ."

ದಡದಲ್ಲಿ ದೋಣಿಯ ಒಳಮೈಯನ್ನೂ ಅವಳು ನೋಡಿದಳು. ಉದ್ದಕ್ಕೂ ಕಪ್ಪು ಮಸಿಯಲ್ಲಿ ಪದಗಳು, ಸಾಲು ಸಾಲು. ಉಪ್ಪುನೀರು ದಿನವೂ ಅಳಿಸುತ್ತದೆ, ದೊನ್ ಕ್ರಿಸಾಂತೋ ಮರುದಿನ ಬೆಳಗ್ಗೆ ಅವನ್ನೇ ಮತ್ತೆ ಬರೆಯುತ್ತಾರೆ. ಎರಡು ತಿಂಗಳಿಂದ ಹೀಗೇ ನಡೆದಿತ್ತು. ಮಕ್ಲೋವಿಯಾಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಹೇಳಲು ಬಂದದ್ದನ್ನು ನುಂಗಿಕೊಂಡು, ತಾಯಿಯ ಮಾತ್ರೆ ತರಬೇಕು, ಆಚೆ ದಡದ ಆಸ್ಪತ್ರೆಗೆ ಬಿಡಿ ಎಂದಳು.

ದೋಣಿ ಹೊರಟಿತು. ಎಲ್ಲರಂತೆ ಅವಳೂ ಮುಂದಿನ ಹಲಗೆಯ ಮೇಲೆ, ಮುಂದಕ್ಕೆ ಮುಖಮಾಡಿ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದಿನಿಂದ ಇಂಗ್ಲಿಷ್ ಕೇಳಿಸಿತು.

"ಎಡಗಡೆ, ಮೇಡಂ, ಮರಳು ದಿಬ್ಬ. ಹಕ್ಕಿ ಅಲ್ಲಿ ಮಲಗ್ತಾವೆ. ಈಗ ಅಲೆ ಬರತ್ತೆ. ಟೋಪಿ ಹಿಡ್ಕೊಳ್ಳಿ."

ಒರಟಾಗಿತ್ತು, ಕೊಂಡಿ ಕಳಚಿತ್ತು, ಆದರೆ ತಡವರಿಕೆ ಇರಲಿಲ್ಲ. ಅವಳು ಹಿಗ್ಗಿ ಹಿಂದಿರುಗಿ ನೋಡಿದಳು. ಮಾತು ಪಟ್ಟನೆ ನಿಂತಿತು. ಮುಂದೆ ತಿರುಗಿದಳು. ಮಾತು ಮತ್ತೆ ಹರಿಯಿತು.

ತಪ್ಪು ತನ್ನದೆಂದು ಅವಳಿಗೆ ಅಲ್ಲೇ ಹೊಳೆಯಿತು. ಮೂವತ್ತಾರು ವರ್ಷ ಪ್ರವಾಸಿಗಳ ಹಿಂದೆಯೇ ಕೂತ ಈ ಮನುಷ್ಯ ಇಂಗ್ಲಿಷ್ ಆಡುವ ಒಂದು ಬಾಯನ್ನೂ ನೋಡಿದವರಲ್ಲ. ಅವರ ಪಾಲಿಗೆ ಅದು ಟೋಪಿಗಳ, ಕತ್ತುಗಳ, ಬೆನ್ನುಗಳ ಭಾಷೆ. ತಾನು ಅವರನ್ನು ಎದುರಿಗೆ ಕೂರಿಸಿಕೊಂಡು ದಡ್ಡರೆಂದು ಬಗೆದಿದ್ದಳು.

ಮರುದಿನ ಪಾಠದಲ್ಲಿ ಅವಳು ತನ್ನ ಕುರ್ಚಿ ತಿರುಗಿಸಿ, ಗೋಡೆಗೆ ಮುಖಮಾಡಿ ಕೂತಳು.

"ಏನ್ ಟೀಚರ್, ಕ್ಷೌರಕ್ಕೆ ಕೂತಿದೀರಾ?" ಎಂದ ಯೋವಾನಿ. ಎಲ್ಲರೂ ನಕ್ಕರು. ದೊನ್ ಕ್ರಿಸಾಂತೋ ಅವಳ ಹಿಂದೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಾಗ ನಗು ಒಂದೊಂದಾಗಿ ಆರಿತು. ಕೊನೆಗೆ ಚಪ್ಪಾಳೆ ಶುರುಮಾಡಿದವನೂ ಯೋವಾನಿಯೇ.

ಪರೀಕ್ಷಕಿ ಉರ್ಕೀದೆಸ್, ಊರಿನ ಬಾಯಲ್ಲಿ ಲಿಸೆನ್ಸಿಯಾದಾ ಮೇಡಂ, ಅಂದರೆ ಪದವಿ ಓದಿದ ಮೇಡಂ, ಬಂದದ್ದು ದೋಣಿಯಲ್ಲಿ. ಸೆಪ್ಟೆಂಬರಿನ ಬಿರುಗಾಳಿಗೆ ರಸ್ತೆ ಕೊಚ್ಚಿಹೋಗಿತ್ತು, ಅವರ ಗಾಡಿ ಆಚೆ ದಡದಲ್ಲಿತ್ತು. ಅಷ್ಟು ನೀರು ಸಿಡಿದರೂ ಅಂಗಿಯ ಇಸ್ತ್ರಿ ಮುರಿಯದ ಹೆಂಗಸು. ಮಧ್ಯಾಹ್ನದೊಳಗೆ ಎಂಟು ಜನ ಪಾಸಾದರು, ಅದರಲ್ಲಿ ಒಬ್ಬನಂತೂ ದೇವರ ದಯೆಯಿಂದ. ಉಳಿದವರು ಒಬ್ಬರೇ.

ಮಕ್ಲೋವಿಯಾ ಮುಂದೆ ಬಂದು ಕುರ್ಚಿಯ ವಿಷಯ ಹೇಳಿದಳು.

"ಕೇಳೋಕೆ ಚೆನ್ನಾಗಿದೆ," ಎಂದರು ಮೇಡಂ. "ಆದ್ರೆ ಎದುರುಬದುರು ಕೂರ್ಬೇಕು ಅಂತ ನಿಯಮ. ಇವತ್ತು ಇವರಿಗೆ ತಿರುಗಿ ಕೂತ್ರೆ, ನಾಳೆ ಇನ್ನೊಂದೂರಲ್ಲಿ ಮಂಚದ ಕೆಳಗೆ ಕೂರಿ ಅಂತಾರೆ. ಆಗಲ್ಲಮ್ಮ."

ದೊನ್ ಕ್ರಿಸಾಂತೋ ಎದುರಿಗೆ ಕೂತರು. ಮೇಡಂ ಮೃದುವಾಗಿಯೇ ಕೇಳಿದರು: "ಈ ಕೆಲಸ ನಿಮಗೆ ಯಾಕೆ ಬೇಕು?"

ಮುದುಕ ಆ ಕೆಂಪು ಹಚ್ಚಿದ ತುಟಿಗಳನ್ನು ನೋಡಿದರು. ಮೇಜು ನೋಡಿದರು. ಕೈಗಳು ತೊಡೆಯ ಮೇಲೆ ಇಲ್ಲದ ಹಿಡಿಕೆಯನ್ನು ಹುಡುಕಿದವು. ಗಡಿಯಾರ ಐದು ನಿಮಿಷ ದಾಟಿತು. ಆಮೇಲೆ ಅವರು ಎದ್ದು, ತಮ್ಮ ಭಾಷೆಯಲ್ಲಿ ಧನ್ಯವಾದ ಹೇಳಿ, ತಾವು ಕುಡಿದ ಕಾಫಿ ಲೋಟ ತೆಗೆದುಕೊಂಡು ತೊಟ್ಟಿಗೆ ಹೋದರು. ತಮ್ಮದನ್ನು ತೊಳೆದರು. ಬಳಿಕ ಉಳಿದವರ ಲೋಟಗಳನ್ನೂ ಒಂದೊಂದಾಗಿ ತೊಳೆಯತೊಡಗಿದರು.

"ಇಡಿ ಕೆಳಗೆ, ದೊನ್ ಕ್ರಿಸಾಂತೋ," ಎಂದ ಯೋವಾನಿ.

"ಕೆಲ್ಸ ಇವತ್ತಿಂದ್ಲೇ ಕಲೀತೀನಿ ಬಿಡಪ್ಪ. ಇದಕ್ಕೆ ಯಾವ ಭಾಷೆನೂ ಬೇಡ."

ಮೇಡಂ ಹಾಳೆಯ ಕೊನೆಯ ಸಾಲನ್ನು ಖಾಲಿ ಬಿಟ್ಟು ಕಡತ ಮುಚ್ಚಿದರು. ಆ ಮನುಷ್ಯನ ಕಣ್ಣೆದುರು ಬರೆಯಲು ಅವರಿಗೂ ಮನಸ್ಸು ಬರಲಿಲ್ಲ.

ಈಗ ಮೇಡಂ ಅವರನ್ನು ಆಚೆ ದಡಕ್ಕೆ ಬಿಡಬೇಕು. ಯಾರ ದೋಣಿ ಹೋಗಬೇಕೆಂಬುದನ್ನು ಹಲಗೆಯ ಮೇಲಿನ ಸರದಿಪಟ್ಟಿ ಹೇಳುತ್ತದೆ, ಅದನ್ನು ಸಂಘದ ಅಧ್ಯಕ್ಷನೂ ಮೀರುವುದಿಲ್ಲ. ಸರದಿ ದೊನ್ ಕ್ರಿಸಾಂತೋ ಅವರದು. ತಾನು ಹೋಗುತ್ತೇನೆಂದು ಯೋವಾನಿ ಮುಂದೆ ಬಂದ.

"ಸರದಿ ಅಂದ್ರೆ ಸರದಿ," ಎಂದರು ಮುದುಕ, ಕೈ ಒರೆಸಿಕೊಳ್ಳುತ್ತ. "ಇನ್ನೂ ದೋಣಿ ನಂದೇ."

ಮಕ್ಲೋವಿಯಾ ಕೇಳದೆಯೇ ಹತ್ತಿದಳು. ಇಬ್ಬರು ಹೆಂಗಸರೂ ಮುಂದಿನ ಹಲಗೆಯಲ್ಲಿ ಅಕ್ಕಪಕ್ಕ ಕೂತರು. ನೀರು ಇಳಿದ ಹೊತ್ತು, ಮರಳು ದಿಬ್ಬಗಳ ನಡುವೆ ಎಂಜಿನ್ ತಗ್ಗಿಸಿ ಸಾಗಬೇಕು. ಗಾಳಿಯ ಸುಳಿವಿರಲಿಲ್ಲ. ದಡ ಮರೆಯಾದ ಮೇಲೆ, ಹಳೆಯ ಅಭ್ಯಾಸಬಲದಿಂದ, ಹಿಂದಿನಿಂದ ಬಂತು ಆ ಒರಟು ಇಂಗ್ಲಿಷು: "ಕೂತೇ ಇರಿ, ಮೇಡಂ. ಬಲಗಡೆ ನೀರು ಕಮ್ಮಿ. ಭಯ ಇಲ್ಲ. ನಂಗೆ ಗೊತ್ತು."

ಮೇಡಂ ಬೆಚ್ಚಿ ತಿರುಗಹೊರಟರು. ಮಕ್ಲೋವಿಯಾ ಅವರ ಮಣಿಕಟ್ಟು ಹಿಡಿದು ಪಿಸುಗುಟ್ಟಿದಳು: "ದಮ್ಮಯ್ಯ, ತಿರುಗ್ಬೇಡಿ."

ಮೇಡಂ ಅವಳನ್ನೊಮ್ಮೆ ನೋಡಿ, ನೀರಿನ ಕಡೆಗೇ ಮುಖಮಾಡಿ ಕೂತರು. ಪ್ರವಾಸಿಯೊಬ್ಬಳು ಹೊತ್ತು ಕಳೆಯಲು ಕೇಳುವಂತೆ, ಇಂಗ್ಲಿಷಿನಲ್ಲೇ ಸಮುದ್ರಕ್ಕೆ ಹೇಳಿದರು: "ಈ ಕೆಲಸ ನಿಮಗೆ ಯಾಕೆ ಬೇಕು?"

ಹಿಂದಿನಿಂದ ಉತ್ತರ ಬಂತು.

"ಒಬ್ಳು ಇದ್ದಾಳೆ. ತಿಮಿಂಗಿಲ. ಜನವರಿ ಬರ್ತಾಳೆ. ಬೆನ್ನ ಮೇಲೆ ಮೂರು ಗೆರೆ. ಎಲ್ರೂ ಹೇಳ್ತಾರೆ, ದೊಡ್ಡ ಹಡಗು. ಹಡಗು ಅಲ್ಲ. ನಾನು. ನನ್ನ ಎಂಜಿನ್ನಿನ ಫ್ಯಾನು. ಇಪ್ಪತ್ತೊಂದು ವರ್ಷ ಹಿಂದೆ. ಮಂಜು ಇತ್ತು, ನಂಗೆ ಅವಸರ. ಅವಳು ಚಿಕ್ಕವಳು, ಅಮ್ಮನ ಪಕ್ಕ. ನೀರು ಕೆಂಪು. ನಾನು ನಿಲ್ಲಿಸ್ಲಿಲ್ಲ. ಓಡಿ ಹೋದೆ. ಊರಲ್ಲಿ ಯಾರಿಗೂ ಹೇಳ್ಲಿಲ್ಲ. ಹೆಂಡ್ತಿಗೂ ಇಲ್ಲ. ಪ್ರವಾಸಿಗಳಿಗೆ ಹೇಳ್ತೀನಿ. ಅವರು ಹೊರಟು ಹೋಗ್ತಾರೆ."

ಹಿಡಿದಿದ್ದ ಮಣಿಕಟ್ಟನ್ನು ಮಕ್ಲೋವಿಯಾ ಇನ್ನೂ ಬಿಟ್ಟಿರಲಿಲ್ಲ.

"ಆಮೇಲೆ ಒಂದು ವರ್ಷ ಬಂದ್ಲು. ದೊಡ್ಡವಳು. ಎಷ್ಟೊಂದು ದೋಣಿ ಇತ್ತು, ನನ್ನ ಹತ್ರ ಬಂದ್ಲು. ಮರಿ ತೋರಿಸಿದ್ಲು. ಯಾಕೆ, ಗೊತ್ತಿಲ್ಲ. ಮೊದ್ಲು ನಂಗೆ ಪದ ಇರ್ಲಿಲ್ಲ. ಒಂದು ವರ್ಷ ಎರಡು ಪದ, ಮತ್ತೊಂದು ವರ್ಷ ಐದು. ಇದನ್ನ ಹೇಳೋಕೆ ಕಲಿತೆ. ಅವಳು ಬಂದಾಗ ನಾನು ನೀರಲ್ಲಿ ಇರ್ಬೇಕು, ಮೇಡಂ. ದಡದಲ್ಲಿ ಅಲ್ಲ."

ಮೇಡಂ ಕಡತವನ್ನು ಮಂಡಿಯ ಮೇಲಿಟ್ಟು ತೆರೆದು, ಖಾಲಿ ಸಾಲಿನಲ್ಲಿ ಬಹಳ ಹೊತ್ತು ಬರೆದರು. 'ಅವಳು' ಎಂದದ್ದಕ್ಕೆ ಮಾರ್ಕು ಕಡಿಯಲಿಲ್ಲ, ಮಕ್ಲೋವಿಯಾ ಓರೆಗಣ್ಣಿನಿಂದ ನೋಡಿಕೊಂಡಳು. ನಿಯಮ ಎಲ್ಲಿ ಬಾಗಬೇಕೆಂದು ತಿಳಿದ ಮನುಷ್ಯರನ್ನು ಅವಳು ಅಷ್ಟಾಗಿ ಕಂಡಿರಲಿಲ್ಲ. ಕಾಲಿಗೆ ಬೀಳಬೇಕೆನಿಸಿತು.

ಆಚೆ ದಡದಲ್ಲಿ ಇಳಿದ ಮೇಲೆ ಮೇಡಂ ಮೊದಲ ಬಾರಿಗೆ ಹಿಂದಿರುಗಿ, ದೊನ್ ಕ್ರಿಸಾಂತೋ ಅವರ ಕೈ ಹಿಡಿದುಕೊಂಡರು. ಈಗ ಅವರು ಆಡಿದ್ದು ಮನೆಮಾತನ್ನೇ.

"ಜನವರಿಯಲ್ಲಿ ಅವಳು ಬಂದ್ರೆ ಹೇಳಿಕಳ್ಸಿ. ನಿಮ್ಮ ದೋಣೀಲೇ ಬಂದು ನೋಡ್ತೀನಿ."

"ನನ್ನ ದೋಣಿ? ನಾನು ಫೇಲಲ್ವಾ?"

"ಫೇಲಾದವರ ಹೆಸರು ಈ ಹಾಳೇಲಿ ಒಂದೂ ಇಲ್ಲ," ಎಂದು ಅವರು ಗಾಡಿ ಹತ್ತಿದರು.

ಮುದುಕ ಮೊಣಕಾಲುದ್ದ ನೀರಿನಲ್ಲಿ ನಿಂತು ಗಾಡಿಯ ಧೂಳನ್ನು ಬಹಳ ಹೊತ್ತು ನೋಡಿದರು. ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ದೋಣಿಯನ್ನು ನೀರಿಗೆ ತಳ್ಳಿದರು. ಮಕ್ಲೋವಿಯಾ ಮುಂದಿನ ಹಲಗೆಯಲ್ಲಿ ಮುಂದಕ್ಕೆ ಮುಖಮಾಡಿ ಕೂತಳು.

ಅರ್ಧ ದಾರಿಯಲ್ಲಿ ಅವರು ಕೆಮ್ಮಿದರು. "ಟೀಚರಮ್ಮ. ಆಗ ನಾನು ಅವ್ರಿಗೆ ಹೇಳಿದ್ದು... ನಿಂಗೂ ಕೇಳಿಸ್ತಾ?"

ಕೊಲ್ಲಿಯ ನೀರು ತಟ್ಟೆಯಲ್ಲಿಟ್ಟಂತೆ ನಿಶ್ಚಲವಾಗಿತ್ತು.

"ಒಂದಕ್ಷರಾನೂ ಕೇಳಿಸ್ಲಿಲ್ಲ, ದೊನ್ ಕ್ರಿಸಾಂತೋ. ಗಾಳಿ."

"ಹೂಂ. ಗಾಳಿ ಜೋರಿತ್ತು," ಎಂದರು ಅವರು.

ಇನ್ನಷ್ಟು ದೂರ ಸಾಗಿತು. ಊರಿನ ಮನೆಗಳು ಕಾಣತೊಡಗಿದ್ದವು. ಅಷ್ಟರಲ್ಲಿ ಎಂಜಿನ್ ನಿಂತುಹೋಯಿತು. ಅವರೇ ಆಫ್ ಮಾಡಿದ್ದರು. ಆ ಮೌನದಲ್ಲಿ, ಈ ಸಲ ತಾಯಿಯಿಂದ ಕಲಿತ ಭಾಷೆಯಲ್ಲಿ, ಬೆನ್ನುಗಳಿಗೆ ಹೇಳಿದ ಇಂಗ್ಲಿಷಿಗಿಂತ ಹೆಚ್ಚು ತಡವರಿಸುತ್ತ, ಅವರು ಶುರುಮಾಡಿದರು.

"ಒಬ್ಬಳಿದ್ದಾಳೆ ಮಗಾ..."

ಮಕ್ಲೋವಿಯಾ ತಿರುಗಲಿಲ್ಲ.