ಬೆನ್ನಿನ ಚರ್ಮ

ನೀಲಿ. ಸಂಶಯವೇ ಇಲ್ಲ. ಚರ್ಮದ ಬಣ್ಣ ನೋಡಲೆಂದು ಗಾಯದ ಪಟ್ಟಿಯಲ್ಲಿ ಬಿಟ್ಟಿದ್ದ ಕಿಂಡಿಯೊಳಗೆ ಕಿರಿಯ ಸರ್ಜನ್ ಬೆರಳೊತ್ತಿ ತೆಗೆದ. ಬಿಳುಚಿದ ಗುರುತು ರೆಪ್ಪೆ ಬಡಿಯುವುದರೊಳಗೆ ಮತ್ತೆ ನೀಲಿಯಾಯಿತು. ರಕ್ತ ಒಳಗೆ ಬರುತ್ತಿದೆ, ಹೊರಗೆ ಹೋಗಲು ದಾರಿಯಿಲ್ಲ. ಹೀಗೇ ಬಿಟ್ಟರೆ ಅಷ್ಟೂ ಚರ್ಮ ಸತ್ತು, ಅಡಿಯ ಪಕ್ಕೆಲುಬು ಬಯಲಾಗುತ್ತದೆ.

"ಹೆಂಗಿದೆ ಡಾಕ್ಟ್ರೇ?" ಮಗ್ಗುಲಾಗಿ ಮಲಗಿದ್ದ ಲಾರಿ ಡ್ರೈವರ್ ಕೇಳಿದ. "ಹಿಂದಿನ ಟೈರು ಮುಂದಕ್ಕೆ ಹಾಕಿದೀರಿ. ಓಡತ್ತಾ?"

"ನೋಡೋಣ."

ನಿನ್ನೆ ಡ್ರೈವರನ ಎದೆಯ ಪಕ್ಕದಿಂದ ಗಡ್ಡೆ ತೆಗೆದಾಗ ಅಂಗೈಯಗಲದ ಗುಂಡಿ ಬಿದ್ದಿತ್ತು. ದೊಡ್ಡ ಡಾಕ್ಟರಮ್ಮ ಬೆನ್ನಿನಿಂದ ಅಷ್ಟೇ ಅಗಲದ ಚರ್ಮವನ್ನು ಎಬ್ಬಿಸಿದ್ದರು. ಬೇರು ಕಡಿದಿರಲಿಲ್ಲ. ಅದಕ್ಕೆ ಜೀವ ಕೊಡುವ ರಕ್ತನಾಳವನ್ನೂ ನೂಲಿನಂಥ ಒಂದು ನರವನ್ನೂ ಹಾಗೇ ಉಳಿಸಿಕೊಂಡು, ನಿದ್ದೆ ಹೋದ ಮಗುವಿನ ಮಗ್ಗುಲು ಬದಲಿಸುವ ಹಾಗೆ ಮುಂದಕ್ಕೆ ತಿರುಗಿಸಿದ್ದರು. ಚರ್ಮ ಹೋಗಿ ಗುಂಡಿಯಲ್ಲಿ ಕೂತಿತ್ತು. ಪಕ್ಕದಲ್ಲಿದ್ದ ಕಿರಿಯ ಸರ್ಜನ್‌ಗೆ ಕೈಮುಗಿಯಬೇಕೆನಿಸಿತ್ತು, ಕೈಯಲ್ಲಿ ಕತ್ತರಿಯಿತ್ತು.

ಕೊನೆಗೆ ಪಟ್ಟಿ ಸುತ್ತಿದ್ದು ಮಾತ್ರ ಅವನು. ಅಚ್ಚುಕಟ್ಟಾಗಿ ಕಾಣಲೆಂದು ಒಂದು ಸುತ್ತನ್ನು ಬಿಗಿಯಾಗಿ ಎಳೆದಿದ್ದ. ಸರಿಯಾಗಿ ಆ ಬೇರಿನ ಮೇಲೆ.

ದೊಡ್ಡ ಡಾಕ್ಟರಮ್ಮ ಬಂದರು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳದೆ ಅವರು ಯಾರನ್ನೂ ಮುಟ್ಟುತ್ತಿರಲಿಲ್ಲ. ಪಟ್ಟಿಯಡಿ ಬೆರಳು ತೂರಿಸಲು ನೋಡಿದರು, ತೂರಲಿಲ್ಲ. ಅವನ ಕಡೆ ತಿರುಗದೆ ಪಟ್ಟಿ ಕತ್ತರಿಸಿದರು, ಬೇರಿನ ಬಳಿಯ ಎರಡು ಹೊಲಿಗೆಗಳನ್ನೂ ಬಿಚ್ಚಿದರು.

"ಮೇಡಂ, ಪಟ್ಟಿ ನಾನು..."

"ಹೊಲಿಗೆ ನಾನೇ ಬಿಗಿ ಹಾಕ್ಬಿಟ್ಟಿದ್ದೆ," ಎಂದು ಅವರು ಡ್ರೈವರನಿಗೆ ಹೇಳಿದರು. "ವಯಸ್ಸಾಯ್ತು ನೋಡಪ್ಪ."

"ನಮ್ ಲಾರಿಗಿಂತ ನೀವೇ ವಾಸಿ ಬಿಡಿ ಮೇಡಂ."

ಇಬ್ಬರೂ ನಕ್ಕರು. ಅವನೂ ನಗಬೇಕಿತ್ತು.

ಬಾಗಿಲ ಬಳಿ ದೊಡ್ಡ ಡಾಕ್ಟರಮ್ಮ, "ಹೋಗಿ ಏನಾದ್ರೂ ತಿನ್ನಿ, ಮುಖ ಬಾಡಿದೆ," ಎಂದರು. ಅಷ್ಟೆ. ಬೈದಿದ್ದರೆ ಅವನಿಗೆ ನಿಲ್ಲಲೊಂದು ಜಾಗ ಸಿಗುತ್ತಿತ್ತು. ಈಗ ತಪ್ಪು ಕೂಡ ಅವನ ಪಾಲಿಗೆ ಉಳಿಯಲಿಲ್ಲ.

ಕ್ಯಾಂಟೀನಿನಲ್ಲಿ ಹೆಂಡತಿಯ ಫೋನು ಬಂತು.

"ಎಲ್ಲಿದೀರಾ?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಇದೀನಿ."

"ನಿಮ್ಮನ್ನ ಕೇಳೋದೂ ಒಂದೇ, ಗೋಡೆನ ಕೇಳೋದೂ ಒಂದೇ." ಫೋನಿಟ್ಟಳು. ಅವನ ಕಾಫಿ ಕೆನೆಗಟ್ಟಿತ್ತು.

ಮಧ್ಯಾಹ್ನದ ಹೊತ್ತಿಗೆ ಚರ್ಮ ನಸುಗೆಂಪಾಗಿತ್ತು. ಉಳಿದರೂ ಉಳಿದೀತು, ಇನ್ನೂ ಹೇಳುವಂತಿರಲಿಲ್ಲ. ಡ್ರೈವರ್ ಕಣ್ಣು ಮುಚ್ಚಿ ಮಲಗಿದ್ದ. ಅವನ ಎದುರಿಗೆ ನಿಂತು ಕಿರಿಯ ಸರ್ಜನ್ ಎದೆಯ ಆ ಚರ್ಮದ ಮೇಲೆ ಮೆಲ್ಲಗೆ ಬೆರಳಿಟ್ಟ.

"ಡಾಕ್ಟ್ರೇ, ಹಿಂದ್ಗಡೆ ಯಾರೋ ಬಂದಿದಾರೆ. ಬೆನ್ನು ಮುಟ್ತಿದಾರೆ."

"ಯಾರೂ ಇಲ್ಲ."

ಜಾಗ ಬದಲಾದದ್ದು ಆ ಚರ್ಮಕ್ಕಿನ್ನೂ ತಿಳಿದಿಲ್ಲ. ನರ ಬೆನ್ನಿನ ಸುದ್ದಿಯನ್ನೇ ಹೇಳುತ್ತಿದೆ. ಮುಟ್ಟಿದ್ದು ನಾನೇ, ಇಲ್ಲೇ ಮುಂದೆ ಇದ್ದೇನೆ ಎಂದು ಹೇಳಬಹುದಿತ್ತು. ಹೇಳದೆ, ಬೆರಳನ್ನು ತುಸು ಒತ್ತಿದ.

"ಇದಾರಲ್ಲ," ಎಂದ ಡ್ರೈವರ್. ಆಮೇಲೆ ಕಣ್ಣು ತೆರೆಯದೆಯೇ, ತನ್ನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಮೆಲುದನಿಯಲ್ಲಿ ಹೇಳಿದ: "ಎಷ್ಟೊತ್ತು ನಿಂತಿರ್ತೀರಾ ಸಾರ್, ಪಾಪ. ಕೂತ್ಕೊಳಿ."

ಮಂಚದ ಆಚೆ ಒಂದು ಸ್ಟೂಲಿತ್ತು. ಯಾರಾದರೂ ಬಂದು ಕೂತಾರು ಎಂಬಂತೆ ಅದನ್ನೇ ನೋಡುತ್ತ, ಕಿರಿಯ ಸರ್ಜನ್ ಬೆರಳು ತೆಗೆಯದೆ ನಿಂತಿದ್ದ.