ಔಟಾದವರ ಬೆಂಚು

ಅಜ್ಜಿಗೆ ಮೈಯೆಲ್ಲ ಉರಿದುಹೋಗಿತ್ತು. ಅಂಚೆ ಕಚೇರಿಯ ಕೌಂಟರಿನಲ್ಲಿ ಆಯುಷ್ಯ ಸವೆಸಿ, ಎಂಥೆಂಥವರ ಮುಂದೂ ನಾಲಿಗೆ ಬಿಗಿಹಿಡಿದವಳಿಗೆ ಈಗ ಅಳಿಯನ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾಗುತ್ತಿತ್ತು.

ಅಳಿಯ ಲೆಕ್ಕದ ಮೇಷ್ಟ್ರು. ಶನಿವಾರ ಸಂಜೆ ಬಡಾವಣೆಯ ಪುಟ್ಟ ಮಕ್ಕಳಿಗೆ ಫುಟ್‌ಬಾಲ್ ಕೋಚ್. ಸಾಲಾಗಿ ನಿಲ್ಲಿಸಿ ಓಡಿಸಿದರೆ ಮಕ್ಕಳಿಗೆ ಬೇಸರ, ಕಲಿಕೆ ಮಜವಾಗಿರಬೇಕು ಎಂದು ಎಲ್ಲಿಂದಲೋ ಒಂದು ಆಟ ಹುಡುಕಿ ತಂದಿದ್ದ. ಸುಣ್ಣದಲ್ಲಿ ಎಳೆದ ಚೌಕದೊಳಗೆ ಎಲ್ಲರಿಗೂ ಒಂದೊಂದು ಚೆಂಡು. ನಿನ್ನದನ್ನು ಕಾಪಾಡಿಕೋ, ಪಕ್ಕದವನದನ್ನು ಗೆರೆಯಾಚೆ ಒದೆ. ಚೆಂಡು ಆಚೆ ಹೋದವರು ಔಟ್, ಬೆಂಚಿಗೆ. ಕೊನೆಗೆ ಉಳಿದವನ ಕೊರಳಿಗೆ ಕೋಚ್‌ನ ಸೀಟಿ. ಸುತ್ತ ನಿಂತ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಮಜವಂತೆ ಮಜ. ಚೆನ್ನಾಗಿ ಆಡುವವನು ಇಡೀ ಸಂಜೆ ಆಡುತ್ತಾನೆ. ಬಾರದ ಕೂಸು ಮೊದಲ ಏಟಿಗೇ ಬೆಂಚು ಸೇರಿ ಕಾಲಾಡಿಸುತ್ತ ಕೂರುತ್ತದೆ. ಕಲಿಯಬೇಕಾದವರನ್ನೇ ಕೂರಿಸುವ ಇದ್ಯಾವ ಸೀಮೆ ಕಲಿಕೆ? ಆ ಕೂಸು ಬೇರೆ ಯಾರೂ ಅಲ್ಲ, ಅಜ್ಜಿಯ ಮೊಮ್ಮಗಳು, ಕೋಚ್‌ನ ಸ್ವಂತ ಮಗಳು. ಶೂ ಕೊಡಿಸಿದ ದಿನ ಅದನ್ನು ಹಾಕಿಕೊಂಡೇ ಮಲಗಿದ್ದ ಹುಡುಗಿ ಈಗ ಶನಿವಾರ ಬಂತೆಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ಹೀಗೇ ಆದರೆ ಚೆಂಡಿನ ಸಹವಾಸವನ್ನೇ ಬಿಟ್ಟಾಳು ಎಂದು ಅಜ್ಜಿ ಹೇಳಿದ್ದಕ್ಕೆ, ಸೋಲೂ ಅಭ್ಯಾಸವಾಗಲಿ ಅತ್ತೆ ಎಂದು ಅಳಿಯ ನಕ್ಕಿದ್ದ.

ಈ ಶನಿವಾರ ಅಜ್ಜಿಯೂ ಮೊಮ್ಮಗಳ ಜೊತೆಗೆ ಹೋದಳು. ಸೀಟಿ ಊದಿದ್ದೇ ತಡ, ಹುಡುಗಿ ತನ್ನ ಚೆಂಡನ್ನು ತಾನೇ ಗೆರೆಯಾಚೆ ಒದ್ದು, ಬೆಂಚಿಗೆ ಬಂದು ಕೂತಳು.

“ಯಾಕೆ ಪುಟ್ಟಿ ಹಾಗ್ಮಾಡ್ದೆ?”

“ಹೇಗಿದ್ರೂ ಔಟಾಗ್ತೀನಲ್ಲಜ್ಜಿ. ನಾನೇ ಒದ್ರೆ ಯಾರೂ ನಗಲ್ಲ.”

ಅಜ್ಜಿ ಎದ್ದಳು. ಮಕ್ಕಳನ್ನು ನಗಿಸಲೆಂದು ಅಳಿಯನೂ ಅಂದು ಚೌಕದೊಳಗೆ ಕಾಲಲ್ಲಿ ಚೆಂಡು ಉರುಳಿಸುತ್ತ ಕುಣಿಯುತ್ತಿದ್ದ. ಅಜ್ಜಿ ಕೈಚೀಲದ ಸಮೇತ ಒಳಗೆ ನುಗ್ಗಿ, ಅವನು ಅತ್ತ ತಿರುಗಿದಾಗ ಚಪ್ಪಲಿಗಾಲಿನಲ್ಲೇ ಆ ಚೆಂಡನ್ನು ಬೇಲಿಯವರೆಗೆ ಅಟ್ಟಿದಳು.

“ಔಟಾದ್ರಿ. ಬೆಂಚಿಗೆ ಹೋಗಿ.”

“ಅತ್ತೆ, ಎಲ್ರೂ ನೋಡ್ತಿದಾರೆ.”

“ಅವಳನ್ನೂ ಪ್ರತಿ ವಾರ ಎಲ್ರೂ ನೋಡಿದಾರೆ. ನೀವೊಬ್ರು ಬಿಟ್ಟು.”

ಮಕ್ಕಳು ಬಿದ್ದುಬಿದ್ದು ನಕ್ಕರು. ಅಳಿಯ ಪೆಚ್ಚುನಗೆ ನಗುತ್ತ ಬೆಂಚಿನ ತುದಿಗೆ ಹೋದ. ಮಗಳು ಸರಿದು ಜಾಗ ಮಾಡಿಕೊಟ್ಟಳು.

“ಆ ತುದಿ ಬೇಡಪ್ಪಾ, ಮೊಳೆ ಚುಚ್ಚುತ್ತೆ. ಇಲ್ಲಿ ಕೂತ್ಕೋ. ಮರದ ನೆರಳು ನಮ್ಮ ಕಾಲಿಗೆ ಬಂದಾಗ ಆಟ ಮುಗಿಯುತ್ತೆ.”

ಅವನ ನಗು ಅಲ್ಲಿಗೇ ಬತ್ತಿತು. ನೆರಳು ಕಾಲಿಗೆ ಬರುವವರೆಗೂ ಅವನು ಕೂತೇ ಇದ್ದ.

ಮುಂದಿನ ಶನಿವಾರ ಅಜ್ಜಿಯ ಎದುರಿಗೇ ಅವನು ನಿಯಮ ಬದಲಿಸಿದ. ಚೆಂಡು ಆಚೆ ಹೋದವರು ಓಡಿ ತಂದು, ಅದನ್ನು ಅಂಗಾಲಿನಿಂದ ನಾಲ್ಕು ಸಲ ತಟ್ಟಿ ಮತ್ತೆ ಒಳಗೆ ಬರಬೇಕು. ಬೆಂಚು ಇನ್ನು ನೀರಿನ ಬಾಟಲಿಗಳಿಗೆ.

ಹುಡುಗಿ ನಂಬಲಿಲ್ಲ. ಒಳಗೆ ಹೋದವಳೇ ಚೆಂಡನ್ನು ಗೆರೆಯಾಚೆ ಒದ್ದು, ಅಪ್ಪನ ಮುಖ ನೋಡುತ್ತ ನಿಂತಳು. ಅವನು ಒಳಗೆ ಬಾ ಎಂದ. ಬಂದಳು. ಮತ್ತೆ ಒದ್ದಳು, ಮತ್ತೆ ನೋಡಿದಳು. ಅವನು ಮತ್ತೆ ಕರೆದ. ಕರೆಯಲಿ, ಅವಳಿಗೆ ನಂಬಿಕೆ ಬರುವವರೆಗೂ, ಗಂಟಲು ಕಟ್ಟಿದರೂ ಕರೆಯುತ್ತಲೇ ಇರಲಿ ಎಂದುಕೊಂಡಳು ಅಜ್ಜಿ.